ನೇಕಾರ ಕಾಕಾನ ಮುಂಗೈ

ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಕೈಮಗ್ಗದ ನೇಕಾರರು. ನಾನು ಮೈದಾನದಲ್ಲಿ ಡಿಸ್ಕ್ ಗಾಲ್ಫ್ ಅಭ್ಯಾಸ ಮಾಡುವಾಗ, ಅಂದರೆ ತಟ್ಟೆಯಂಥ ಡಿಸ್ಕನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವಾಗ, ಅವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು.

"ಮುಂಗೈ ಸಡ್ಲ ಬಿಡಲೇ, ಕಡೀಕ ಝಟಕಿ ಕೊಡು," ಎನ್ನುವುದು ಅವರ ದಿನದ ಮಾತು. ಹೇಳುತ್ತಲೇ ಮಗ್ಗದಲ್ಲಿ ಲಾಳಿಯ ಹಗ್ಗ ಎಳೆದಂತೆ ಎಡಗೈಯಿಂದ ಗಾಳಿ ಜಗ್ಗುತ್ತಿದ್ದರು. ಮೂರು ವಾರಗಳಲ್ಲಿ ನನ್ನ ಡೈರಿಯಲ್ಲಿ ಬುಟ್ಟಿಗೆ ಬಿದ್ದವುಗಳ ಲೆಕ್ಕ ಇಪ್ಪತ್ತು ಎಸೆತಕ್ಕೆ ಮೂರರಿಂದ ಹನ್ನೊಂದಕ್ಕೇರಿತು.

ಒಂದು ಮಂಗಳವಾರ ಒತ್ತಾಯಿಸಿ ಡಿಸ್ಕನ್ನು ಅವರ ಬಲಗೈಗೆ ಕೊಟ್ಟೆ. ಎಸೆದರು. ಅದು ಅವರ ಕಾಲ ಬಳಿಯೇ ಬಿತ್ತು.

"ಮುಂಗೈಯಾಗ ಜೀವ ಇಲ್ಲಪಾ. ಮನ್ಯಾಗ ಹೇಳಬ್ಯಾಡ. ಆಟ ಆಡಿ ಕೈ ಸುಧಾರಿಸಾಕತ್ತೈತಿ ಅಂದೇನಿ. ಇಲ್ಲಂದ್ರ ಮಗ್ಗ ಮಾರ್ತಾರ."

ಮರುದಿನ ಅವರ ಮಗಳು ನನ್ನನ್ನು ಬಾಗಿಲಲ್ಲೇ ತಡೆದಳು. "ಅಪ್ಪಾ ನಿನ್ನ ಕೂಡ ಆಡ್ತಾನಂತ. ಖರೆ ಹೇಳು, ಕೈ ಹೆಂಗೈತಿ?"

"ಚಲೋ ಐತಿ, ಅಕ್ಕಾ. ಇಪ್ಪತ್ತಕ್ಕ ಹನ್ನೊಂದು ಹಾಕಿದ್ರು," ಎಂದು ನನ್ನ ಲೆಕ್ಕವನ್ನೇ ಅವರದೆಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ ಒಳಗೆ ಹೋದಳು.

ಸಂಜೆ ಕಾಕಾಗೆ ತಿಳಿಸಿದೆ. ಅವರು ನಕ್ಕರು, ಆಮೇಲೆ ಮುಖ ತಿರುಗಿಸಿದರು.

"ಹನ್ನೊಂದು ಭಾಳಾತಲೇ, ಹುಚ್ಚಪ್ಪಾ. ಎರಡು ಅಂದಿದ್ರ ನಂಬ್ತಿದ್ಲು. ಮುಂಜಾನಿ ನನ್ನ ಅಂಗಿ ಗುಂಡಿ ಹಾಕಿದಾಕಿ ಅಕೀನ."

ಭಾನುವಾರ ಮಗ್ಗ ಕೊಂಡವರು ಬಂದು ಅದನ್ನು ಬಿಚ್ಚಿ ಟಂಟಂ ಗಾಡಿಗೆ ಹೇರಿದರು. ಯಾವ ಕಟ್ಟಿಗೆಯನ್ನು ಯಾವುದಕ್ಕೆ ಜೋಡಿಸಬೇಕೆಂದು ಕಾಕಾ ಅವರಿಗೆ ಒಂದೊಂದಾಗಿ ಹೇಳಿಕೊಡುತ್ತ ನಿಂತಿದ್ದರು.