ಬೆಂಕಿ ಹದ್ದನ್ನು ಹಿಂದಕ್ಕೆ ಕರೆದ ಗಳಿಗೆ

ಮೂರು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಶ್ರೀರಂಗಪಟ್ಟಣದ ಒಂದು ಗರಡಿಮನೆಯ ಜಗಲಿಯ ಮೇಲೆ ನಿಂತಿದ್ದೆ. ಬಾಗಿಲಿನ ಎಡಗಡೆಯ ಕಂಬಕ್ಕೂ ನನಗೂ ನಡುವೆ ಒಂದು ಮಾರು ಜಾಗ. ನನ್ನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಆಕೆಯ ಬಲಭುಜದ ಮೇಲಿಂದ ನೋಡಿದರೆ ಎರಡು ಹೆಬ್ಬೆರಳುಗಳೂ ಫೋನಿನ ಪರದೆಯೂ ನನಗೆ ಕಾಣುತ್ತಿದ್ದವು. ಎದುರು ಗೋಡೆಗೆ ಒರಗಿಸಿಟ್ಟಿದ್ದ ಟಿವಿಯೂ ಕಾಣುತ್ತಿತ್ತು. ಕನ್ನಡಕ ಹಾಕಿಕೊಂಡಿದ್ದೆ.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಅವತ್ತು ನಡೆದದ್ದನ್ನು ಈಗ ಕೆ.ಆರ್. ಪೇಟೆಯ ಕಡೆ ಬೇರೆ ಥರ ಹೇಳುತ್ತಾರೆ. ಆಕೆ ಸೋತಿದ್ದಳಂತೆ, ಹೆಂಗಸು ಅಂತ ಮೇಷ್ಟ್ರು ಕನಿಕರಪಟ್ಟು ತೀರ್ಪು ತಿರುಗಿಸಿದರಂತೆ. ಆ ಮೇಷ್ಟ್ರು ನಾನು. ತೀರ್ಪು ತಿರುಗಿಸಿದ್ದು ನಿಜ. ಕನಿಕರ ಸುಳ್ಳು.

ನಾನು ಶೀಳನೆರೆ ಕಡೆಯವನು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು. ಸುತ್ತಲ ನಾಲ್ಕು ತಾಲ್ಲೂಕುಗಳಲ್ಲಿ ಕುಸ್ತಿಗೆ ತೀರ್ಪುಗಾರನಾಗಿ ಕರೆಯುತ್ತಿದ್ದರು, ಹೋಗುತ್ತಿದ್ದೆ. ಫೋನಿನಲ್ಲಿ ಮೃಗಗಳನ್ನು ಕಾದಾಡಿಸುವ ಆಟಕ್ಕೂ ನನಗೂ ಆ ಭಾನುವಾರದ ತನಕ ಯಾವ ಸಂಬಂಧವೂ ಇರಲಿಲ್ಲ.

ಆಕೆ ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಯ ಡೈರಿಯಲ್ಲಿ ಹಾಲು ಅಳೆಯುವವಳು. ಬೆಳಿಗ್ಗೆ ಒಂದೂವರೆ ಗಂಟೆ ಕೆಲಸ, ಸಂಜೆ ಅಷ್ಟೇ. ನಡುವಿನ ಹೊತ್ತಿನಲ್ಲಿ ಈ ಆಟ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಆಟಗಾರರು ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಆ ಗುಂಪಿನಲ್ಲಿ ಎಂಟು ತಿಂಗಳಿಂದ ಆಕೆಯನ್ನು ಸೋಲಿಸಿದವರು ಕಮ್ಮಿ. ಊರಲ್ಲಿ ಆಕೆ ಇಂಥವರ ಸೊಸೆ, ಇಂಥವನ ಹೆಂಡತಿ. ಗುಂಪಿನಲ್ಲಿ ಮಾತ್ರ ಆಕೆಯನ್ನು ಆಕೆಯ ಆಟದಿಂದ ಗುರುತಿಸುತ್ತಿದ್ದರು.

ಚಿನಕುರಳಿಯ ಒಬ್ಬ ಟಿಪ್ಪರ್ ಡ್ರೈವರು, ಕ್ವಾರಿಯಿಂದ ಜಲ್ಲಿ ಸಾಗಿಸುವವನು, ಒಂದು ದಿನ ಗುಂಪಿಗೆ ವಾಯ್ಸ್ ಮೆಸೇಜು ಹಾಕಿದ. ನನಗೆ ಅದನ್ನು ಆಮೇಲೆ ಕೇಳಿಸಿದರು. "ನೋಡ್ರಪ್ಪ, ಆ ಎಣ್ಮಗಳು ಆಡ್ತಾ ಇಲ್ಲ. ಗಂಡ ಆಡ್ತಾವ್ನೆ, ಎಸ್ರು ಇವಳ್ದು. ಬೆಂಕಿ ಹದ್ದ ಕೈಲಿಟ್ಕಂಡು ಅಂಗೆ ಕಾಯೋದು ಎಂಗಸ್ರ ಕೈಲಿ ಆಗೋ ಕೆಲ್ಸ ಅಲ್ಲ ಬುಡಿ."

ಆಕೆ ಬರೆದ ಉತ್ತರ ಚಿಕ್ಕದು. ಎದುರಿಗೆ ಕೂತು ಆಡುತ್ತೇನೆ. ಸೋತರೆ ಗುಂಪು ಬಿಡುತ್ತೇನೆ. ಗೆದ್ದರೆ ಈ ಮಾತನ್ನು ಇದೇ ಗುಂಪಿನಲ್ಲಿ ವಾಪಸ್ ತೆಗೆದುಕೊಳ್ಳಬೇಕು.

ಗರಡಿಯ ಉಸ್ತಾದರು ಡ್ರೈವರ ಸೋದರಮಾವ. ಹಾಗಾಗಿ ಜಾಗ ಅಲ್ಲಿ. ಗರಡಿಯೊಳಕ್ಕೆ ಹೆಂಗಸರು ಕಾಲಿಡುವ ಪದ್ಧತಿ ಇಲ್ಲದ್ದರಿಂದ ಮೇಜು ಜಗಲಿಯ ಮೇಲೆ, ಫೋನಿನ ಆಟ ಎಲ್ಲರಿಗೂ ಕಾಣಲೆಂದು ಟಿವಿಯೂ ಅಲ್ಲೇ. ಉಸ್ತಾದರಿಗೆ ನಾನು ಹಳೆಯ ಪರಿಚಯ, ಇಬ್ಬರು ಆಟಗಾರರಿಗೂ ಗೊತ್ತಿಲ್ಲದವನು. ಅದಕ್ಕೇ ನನ್ನನ್ನು ಕರೆದರು. ಆಕೆಯ ಗಂಡ ಸ್ಕೂಲ್ ವ್ಯಾನು ಓಡಿಸುವವನು. ಆತ ತನ್ನ ಫೋನನ್ನು ನನ್ನ ಕೈಗೆ ಕೊಟ್ಟು, ರಸ್ತೆಯ ಆಚೆ ವ್ಯಾನಿನಲ್ಲಿ ಹೋಗಿ ಕೂತ. ಅಲ್ಲಿಂದ ಜಗಲಿ ಕಾಣುವುದಿಲ್ಲ, ನಾನು ಹೋಗಿ ನೋಡಿ ಬಂದೆ. ಆಟ ಮುಗಿದ ಮೇಲೆ ಕರಿಘಟ್ಟಕ್ಕೆ ಹೋಗುವುದು ಎಂದು ಅತ್ತೆಯನ್ನೂ ಕರೆತಂದಿದ್ದರು. ಅತ್ತೆ ಸೊಸೆಯ ಎಡಗಡೆ ನಿಂತಿದ್ದರು.

ಆಟಕ್ಕೆ ಅರ್ಧ ಗಂಟೆ ಮೊದಲು ಇಬ್ಬರನ್ನೂ ಕೂರಿಸಿಕೊಂಡು ನಿಯಮ ಕೇಳಿದೆ. ಇಬ್ಬರೂ ಸರದಿಯ ಮೇಲೆ ಹೇಳಿದರು. ಒಬ್ಬೊಬ್ಬರಿಗೆ ಮೂರು ಮೃಗ. ಒಂದು ಹೊತ್ತಿಗೆ ಒಂದೇ ಕಣದಲ್ಲಿ. ಪ್ರತಿ ಸುತ್ತಿನಲ್ಲೂ ಇಬ್ಬರೂ ಗುಟ್ಟಾಗಿ ಒಂದೊಂದು ಗುಂಡಿ ಒತ್ತಬೇಕು, ಇಬ್ಬರದೂ ಒಟ್ಟಿಗೆ ತೆರೆಯುತ್ತದೆ. ಮೂವತ್ತು ಸೆಕೆಂಡಿನೊಳಗೆ ಒತ್ತದಿದ್ದರೆ ಆಟವೇ ಹೋಯಿತು. ನೀರು ಬೆಂಕಿಯನ್ನು ನುಂಗುತ್ತದೆ, ಬೆಂಕಿ ಕಬ್ಬಿಣವನ್ನು ಕರಗಿಸುತ್ತದೆ, ಬಳ್ಳಿ ನೀರನ್ನು ಕುಡಿಯುತ್ತದೆ. ನಾನು ಒಂದು ಕಾಗದದಲ್ಲಿ ಬರೆದುಕೊಂಡೆ. ಒಂದನ್ನು ಮಾತ್ರ ಇಬ್ಬರೂ ಹೇಳಲಿಲ್ಲ. ಅವರಿಗೆ ಅದು ಉಸಿರಾಡಿದಷ್ಟು ಸಹಜವಾಗಿದ್ದುದರಿಂದ ಹೇಳಬೇಕು ಎಂದೇ ಹೊಳೆಯಲಿಲ್ಲ. ಕೇಳಬೇಕು ಎಂದು ನನಗೂ ಹೊಳೆಯಲಿಲ್ಲ.

ಡ್ರೈವರ ಮೃಗಗಳು: ಕಲ್ಲಿನ ಆನೆ, ಮೊಸಳೆ, ಕಬ್ಬಿಣದ ಹೋರಿ. ಆಕೆಯವು: ಆಮೆ, ಮೈಯೆಲ್ಲ ಬಳ್ಳಿ ಸುತ್ತಿದ ಜಿಂಕೆ, ಬೆಂಕಿ ಹದ್ದು. ಇವು ನಾನು ಕರೆಯುವ ಹೆಸರುಗಳು. ಆಟದಲ್ಲಿರುವ ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ.

ಈಗ ನಾನೂ ದಿನಾ ಈ ಆಟ ಆಡುತ್ತೇನೆ. ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ: ಬೆಂಕಿ ಹದ್ದಿನಂಥ ಮೃಗವನ್ನು ಮೊದಲು ಕಣಕ್ಕೆ ಬಿಡುವವನಿಗೆ ಆಟ ಗೊತ್ತಿಲ್ಲ. ಅದರ ಏಟು ಎಲ್ಲಕ್ಕಿಂತ ದೊಡ್ಡದು, ಮೈ ಮಾತ್ರ ತೀರ ಹಗುರ. ನೀರಿನ ಒಂದೇ ಹೊಡೆತ ಸಾಕು. ಅದಕ್ಕಿಂತ ಕೆಟ್ಟದ್ದು ಕಲ್ಲು. ಎದುರಾಳಿ ಕಣದ ತುಂಬ ಚೂಪುಗಲ್ಲು ಸುರಿದುಬಿಟ್ಟರೆ, ಆಮೇಲೆ ಕಣಕ್ಕೆ ಇಳಿಯುವ ಪ್ರತಿ ಮೃಗಕ್ಕೂ ಪೆಟ್ಟು. ರೆಕ್ಕೆಯಿರುವ ಬೆಂಕಿ ಮೃಗಕ್ಕಂತೂ ಇಳಿದ ಗಳಿಗೆಯಲ್ಲೇ ಅರ್ಧ ಜೀವ ಹೋಗುತ್ತದೆ. ಹಾಗಾಗಿ ಮೊದಲು ಕಲ್ಲು ಗುಡಿಸಬೇಕು. ಆಮೇಲೆ ಎದುರಿನವನ ಕೈಯಲ್ಲಿ ಬೆಂಕಿ ತಡೆಯುವ ಮೃಗ ಯಾವುದು ಎಂದು ನೋಡಿ, ಬೇರೆ ಮೃಗದಿಂದ ಅದನ್ನು ಮುಗಿಸಬೇಕು. ತಡೆಯುವವರು ಯಾರೂ ಉಳಿಯದ ಮೇಲೆ ಹದ್ದು. ಅಲ್ಲಿಯ ತನಕ ಅದು ಇದೆ ಎಂಬ ಭಯವೇ ಅದರ ಕೆಲಸ.

ಅವತ್ತು ಮೊದಲ ಸುತ್ತಿನಲ್ಲಿ ಆನೆ ಕಲ್ಲು ಸುರಿಯಿತು. ಆಮೆ ನೀರು ಎರಚಿತು, ಆನೆಗೆ ಅರ್ಧ ಜೀವ ಹೋಯಿತು.

ಡ್ರೈವರ ಜೊತೆ ಬಂದಿದ್ದ ಕ್ಲೀನರು ಕೂಗಿದ, "ಕಲ್ಲು ಸುರಿಯೋದು ಇವ್ನ ದಿನದ ಕೆಲ್ಸ ಕಣ್ಲಾ! ಟಿಪ್ಪರ್ ಎತ್ತಿದ್ರೆ ಮುಗೀತು!"

"ಕಲ್ಲು ಸಾಗ್ಸಕ್ಕೆ ಪರ್ಮಿಟ್ಟು ಬರಸ್ಕಂಡು ಬಂದವ್ನಾ ಕೇಳ್ಲಾ," ಎಂದು ಹಿಂದಿನಿಂದ ಇನ್ನೊಬ್ಬ.

ಎರಡನೆಯ ಸುತ್ತಿನಲ್ಲಿ ಆನೆ ಆಮೆಯನ್ನು ತುಳಿಯಿತು. ಆಮೆ ತಿರುಗಿ ಹೊಡೆಯಲಿಲ್ಲ. ಚಿಪ್ಪಿನೊಳಕ್ಕೆ ಹೋಗಿ ಗಿರ್ರನೆ ಸುತ್ತಿ ಕಲ್ಲನ್ನೆಲ್ಲ ಗುಡಿಸಿಹಾಕಿತು. ನನಗೆ ಅದು ವ್ಯರ್ಥ ಅನ್ನಿಸಿತು. ಮೂರನೆಯದರಲ್ಲಿ ಆಮೆ ಮತ್ತೆ ನೀರೆರಚಿ ಆನೆಯನ್ನು ಕೆಡವಿತು. ಹೋರಿ ಬಂತು, ಗಾಯಗೊಂಡಿದ್ದ ಆಮೆಯನ್ನು ಒಂದೇ ತಿವಿತಕ್ಕೆ ಮುಗಿಸಿತು. ಆಗ ಆಕೆ ಹದ್ದನ್ನು ಇಳಿಸಿದಳು. ಕಣದಲ್ಲಿ ಕಲ್ಲಿಲ್ಲ. ಹದ್ದಿಗೆ ಪೂರ್ತಿ ಜೀವ. ಎದುರಿಗೆ ಕಬ್ಬಿಣ.

"ಸುಡವ್ವಾ, ಸುಡು!" ಎಂದರು ಅತ್ತೆ. "ಏನ್ ನೋಡ್ತಾ ಕೂತಿದ್ದೀಯೆ?"

ಆಕೆ ತಲೆ ಎತ್ತಲಿಲ್ಲ. ಬಲ ಹೆಬ್ಬೆರಳು ಬೆಂಕಿಯ ಗುಂಡಿಯ ಮೇಲೆ ಹೋಯಿತು, ಅಲ್ಲಿ ನಿಂತಿತು, ಕೆಳಗೆ ಜಾರಿ ಇನ್ನೊಂದನ್ನು ಒತ್ತಿತು. ಟಿವಿಯಲ್ಲಿ ಹದ್ದು ರೆಕ್ಕೆ ಮಡಚಿ ಕಣ ಬಿಟ್ಟು ಹಿಂದಕ್ಕೆ ಹಾರಿತು.

ಜಗಲಿಯ ಕೆಳಗಿದ್ದವರು ಹೋ ಎಂದರು. "ಓಡೋದ್ಲು! ಓಡೋದ್ಲು!"

ನಾನು ತೀರ್ಪು ಕೊಡುತ್ತಿದ್ದ ಕುಸ್ತಿಗಳಲ್ಲಿ, ಹಿಡಿತ ಕೈಯಲ್ಲಿರುವಾಗ ತಾನಾಗಿ ಬೆನ್ನು ತಿರುಗಿಸಿ ಕಣದಿಂದ ಹೊರಗೆ ಹೆಜ್ಜೆ ಇಟ್ಟವನಿಗೆ ಸೋಲು. ಅದರಲ್ಲಿ ಎರಡು ಮಾತಿಲ್ಲ. ನನ್ನ ಬಲಗೈ ನನ್ನನ್ನು ಕೇಳದೆ ಮೇಲಕ್ಕೆದ್ದಿತು. ಡ್ರೈವರ ಕಡೆ ತೋರಿಸಿ, ಎಲ್ಲರಿಗೂ ಕೇಳುವ ಹಾಗೆ, "ಕಣ ಬಿಟ್ಟರು. ಸೋಲು," ಎಂದೆ.

ಆಕೆ ಫೋನನ್ನು ಮೇಜಿನ ಮೇಲಿಟ್ಟಳು. ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡಳು. ನನ್ನನ್ನು ತಿರುಗಿ ನೋಡಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಫೋನಿನ ಮೂಲೆಯಲ್ಲಿ ಮುಂದಿನ ಸುತ್ತಿನ ಸೆಕೆಂಡುಗಳು ಇಳಿಯುತ್ತಿದ್ದವು. ಇಪ್ಪತ್ತೆರಡು ಇದ್ದುದು ನನಗೆ ನೆನಪಿದೆ.

ಆಗ ಟಿವಿಯ ಇನ್ನೊಂದು ಬದಿಯನ್ನು ನೋಡಿದೆ. ಅಲ್ಲಿ ಹೋರಿಯೂ ಇರಲಿಲ್ಲ. ಅದರ ಜಾಗದಲ್ಲಿ ಮೊಸಳೆ ಬಾಯಿ ತೆರೆದು ನಿಂತಿತ್ತು. ಈ ಕಡೆ ಹದ್ದಿನ ಜಾಗದಲ್ಲಿ ಬಳ್ಳಿಯ ಜಿಂಕೆ. ಇಬ್ಬರೂ ಒಂದೇ ಸುತ್ತಿನಲ್ಲಿ ತಮ್ಮ ತಮ್ಮ ಮೃಗವನ್ನು ಹಿಂದಕ್ಕೆ ಕರೆದಿದ್ದರು. ನನ್ನ ನಿಯಮದ ಪ್ರಕಾರ ಇಬ್ಬರೂ ಸೋತಿದ್ದರು. ನನ್ನ ಕೈ ಮೇಲೆಯೇ ಇತ್ತು. ಆಗ ಹದಿನಾಲ್ಕು.

ಡ್ರೈವರು ಸುಮ್ಮನೆ ಕೂತಿದ್ದರೆ ಗೆದ್ದಿರುತ್ತಿದ್ದ. ತೀರ್ಪು ಅವನ ಕಡೆ ಆಗಿತ್ತು, ಸೆಕೆಂಡುಗಳೂ ಅವನ ಕಡೆಗೇ ಓಡುತ್ತಿದ್ದವು. ಅವನು ಟಿವಿಯಲ್ಲಿದ್ದ ಜಿಂಕೆಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಮೇಷ್ಟ್ರೇ, ಕೈ ಇಳಿಸಿ. ವಾಪಸ್ ಕರಿಯೋದು ಆಟದಲ್ಲೇ ಐತೆ. ನಾನೂ ಕರ್ದಿವ್ನಿ, ಕಾಣಕ್ಕಿಲ್ವಾ?" ನಂತರ ಆಕೆಗೆ, "ಅಕ್ಕ, ಫೋನ್ ಎತ್ಕೊ! ಟೈಮು ಓಯ್ತಾದೆ!"

ಆಕೆ ನನ್ನ ಮುಖ ನೋಡಿದಳು. ನಾನು ಕೈ ಇಳಿಸಿ, "ಆಡಮ್ಮ, ತಪ್ಪು ನನ್ನದು," ಎಂದೆ. ಆಕೆ ಫೋನು ಎತ್ತಿದಾಗ ಏಳು. ಬೆರಳು ಒತ್ತಿದಾಗ ನಾಲ್ಕು.

ಉಳಿದದ್ದು ಬೇಗ ಮುಗಿಯಿತು. ಡ್ರೈವರು ಮೊಸಳೆಯನ್ನು ಹಿಂದಕ್ಕೆ ಕರೆದು ಹೋರಿಯನ್ನು ಬಿಡಬಹುದಿತ್ತು. ಬಿಡಲಿಲ್ಲ. ಮೊಸಳೆ ಒಂದು ಏಟು ತಡೆದೀತು, ತಿರುಗಿ ಕಚ್ಚೀತು ಎಂದುಕೊಂಡಿದ್ದನಂತೆ. ತಡೆಯಲಿಲ್ಲ. ಜಿಂಕೆಯ ಬಳ್ಳಿಗೆ ಸಿಕ್ಕಿ ಮೊಸಳೆ ಬಿತ್ತು. ಉಳಿದಿದ್ದ ಹೋರಿ ಬಂದು ಜಿಂಕೆಯನ್ನು ಕೆಡವಿತು. ಆಮೇಲೆ ಹದ್ದು ಇಳಿಯಿತು. ಕಲ್ಲಿಲ್ಲ, ನೀರಿಲ್ಲ. ಅದು ಒಂದು ಸಲ ಬೆಂಕಿ ಉಗುಳಿತು. ಇಡೀ ಆಟದಲ್ಲಿ ಉಗುಳಿದ್ದು ಅದೊಂದೇ ಸಲ.

"ಅವಾಗ್ಲೇ ಇದ ಮಾಡಿದ್ರೆ ಆಗ್ತಿರ್ಲಿಲ್ವಾ?" ಎಂದು ಅತ್ತೆ ಕೇಳಿದರು. "ಸುಮ್ನೆ ನನ್ನ ಎದೆ ಒಡೆಸ್ದೆ."

"ಆಗ್ತಿರ್ಲಿಲ್ಲ ಅತ್ತೆ," ಎಂದಳು ಆಕೆ. "ಆಗ ಸುಟ್ಟಿದ್ರೆ ಬೆಂಕಿ ಹೋಗಿ ಮೊಸಳೆ ಬಾಯಿಗೆ ಬೀಳ್ತಿತ್ತು."

ಡ್ರೈವರು ತನ್ನ ಫೋನನ್ನು ಇನ್ನೂ ಕೆಳಗಿಟ್ಟಿರಲಿಲ್ಲ. "ಅಲ್ಲ ಕಣಕ್ಕ, ನಾನು ಓರಿ ಎಳ್ಕತೀನಿ ಅಂತ ನಿಂಗೆ ಎಂಗೆ ಗೊತ್ತಾಯ್ತು? ನಾನು ಎಳೀದೆ ಓಗಿದ್ರೆ?"

"ಎಳೀದೆ ಇದ್ದಿದ್ರೆ ನಾನು ಸೋಲ್ತಿದ್ದೆ. ಹೋರಿ ಜಿಂಕೇನ ತುಳೀತಿತ್ತು, ಆಮೇಲೆ ನಿಮ್ಮ ಮೊಸಳೆ ಹದ್ದನ್ನ ತಿಂತಿತ್ತು." ಆಕೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ, ಹಾಲಿನ ಡಿಗ್ರಿ ಓದಿ ಹೇಳುವ ಹಾಗೆ ಹೇಳಿದಳು. "ಆದ್ರೆ ನೀವು ಎಳೀದೆ ಇರಲ್ಲ. ನನ್ನ ಜೊತೆ ಹನ್ನೊಂದು ಆಟ ಆಡಿದ್ದೀರಿ. ಬೆಂಕಿ ಕಂಡಾಗ್ಲೆಲ್ಲ ಹೋರೀನ ಎಳ್ಕೊಂಡಿದ್ದೀರಿ. ಒಂದೇ ಒಂದ್ಸಲ ಬಿಟ್ರಿ, ದಸರಾ ರಜೇಲಿ. ಅವತ್ತು ಅದು ಸುಟ್ಟೋಯ್ತು. ಆಮೇಲೆ ಎರಡು ದಿನ ನೀವು ಆಟಕ್ಕೇ ಬರ್ಲಿಲ್ಲ."

ಕ್ಲೀನರು ನಕ್ಕ. "ಊಂ ಕಣ್ಲಾ, ಅವತ್ತು ಗಾಡೀನೂ ತಗೀಲಿಲ್ಲ ಇವ್ನು."

ಡ್ರೈವರು ನಗಲಿಲ್ಲ. "ಮುಚ್ಚ್ಲಾ ಬಾಯ," ಎಂದು ಕ್ಲೀನರಿಗೆ ಹೇಳಿ, ಅಲ್ಲೇ, ಎಲ್ಲರ ಎದುರಿಗೆ, ಫೋನನ್ನು ಬಾಯಿಯ ಹತ್ತಿರ ಹಿಡಿದು ಗುಂಪಿಗೆ ಮಾತಾಡಿದ. "ನಾನು ಅವತ್ತು ಅಂದಿದ್ದ ಮಾತು ವಾಪಸ್ ತಗತೀನಿ. ಅಕ್ಕನೇ ಆಡೋದು. ಮದ್ಲಿಂದ್ಲೂ ಅಕ್ಕನೇ ಆಡಿರೋದು. ನನ್ನ ಎದುರ್ಗೆ ಕೂತು ಸೋಲಿಸವ್ಳೆ."

ನಾನು ಆಕೆಯ ಕ್ಷಮೆ ಕೇಳಿದೆ. "ಬಿಡಿ ಮೇಷ್ಟ್ರೇ, ನಾವೂ ಹೇಳಿರ್ಲಿಲ್ಲವಲ್ಲ," ಎಂದಳು. ಉಸ್ತಾದರು ಟೀ ತರಿಸಿದರು. ನನ್ನನ್ನು ಅಲ್ಲಾಡಿಸಿದ್ದು ತಪ್ಪಿಗಿಂತ ಹೆಚ್ಚಾಗಿ ಆಕೆ ಫೋನು ಕೆಳಗಿಟ್ಟ ರೀತಿ. ನನ್ನ ಮಾತನ್ನು ನಂಬಿ ಇಟ್ಟಳು. ಎಂಟು ತಿಂಗಳ ಆಟ ತನ್ನದೇ ಎಂದು ತೋರಿಸಲು ಬಂದವಳು, ತೀರ್ಪುಗಾರ ಹೇಳಿದ ಎಂಬ ಒಂದೇ ಕಾರಣಕ್ಕೆ ಕೈ ಮಡಿಲಿಗೆ ತೆಗೆದುಕೊಂಡಳು. ನಾಲ್ಕು ಸೆಕೆಂಡು ಆಚೆ ಈಚೆ ಆಗಿದ್ದರೆ ಆಕೆಯ ಗೆಲುವುಗಳೆಲ್ಲ ಗಂಡನ ಹೆಸರಿಗೆ ಹೋಗುತ್ತಿದ್ದವು, ಅದಕ್ಕೆ ಮುದ್ರೆ ಒತ್ತಿದವನು ನಾನಾಗುತ್ತಿದ್ದೆ. ಆಮೇಲೆ ಯಾವ ಕುಸ್ತಿಗೂ ನಾನು ತೀರ್ಪು ಕೊಡಲು ಹೋಗಿಲ್ಲ.

ಆಟವನ್ನು ನನಗೆ ಕಲಿಸಿದವಳು ಆಕೆಯೇ, ಫೋನಿನಲ್ಲಿ, ಭಾನುವಾರ ಭಾನುವಾರ. ಹದ್ದು ನನ್ನ ಕೈಯಲ್ಲೂ ಈಗ ಕಾಯುತ್ತದೆ. ಹಿಂದಕ್ಕೆ ಕರೆಯುವುದು ಓಡಿಹೋಗುವುದಲ್ಲ, ಅದು ಆಟದ ಅತಿ ಗಟ್ಟಿ ಪಟ್ಟು. ಇದನ್ನು ನಾನು ಯಾರ ಎದುರಿಗೂ ವಾದಿಸಬಲ್ಲೆ.

ಅಂದು ಜಗಲಿಯ ಮೇಲೆ ಮತ್ತು ಕೆಳಗೆ ಮೂವತ್ತೊಂದು ಮಂದಿ ಇದ್ದರು. ಆದರೆ ಆಕೆಯ ಬೆರಳನ್ನೂ ಟಿವಿಯನ್ನೂ ಒಟ್ಟಿಗೆ ಕಾಣುವ ಜಾಗದಲ್ಲಿದ್ದವರು, ನನ್ನನ್ನು ಬಿಟ್ಟು, ಮೂವರೇ. ಬಾಗಿಲಲ್ಲಿ ನಿಂತಿದ್ದ ಉಸ್ತಾದರು ಹೋದ ವರ್ಷ ತೀರಿಕೊಂಡರು. ಆಕೆಯ ಅತ್ತೆ ನಾಗಮಂಗಲದ ಕಡೆಯ ಅದೇ ಹಳ್ಳಿಯಲ್ಲಿದ್ದಾರೆ, ಕಣ್ಣು ಚೆನ್ನಾಗಿದೆ, ಕೇಳಿದರೆ ಹೇಳುತ್ತಾರೆ. ನೀರು ಕೊಡಲು ಬಂದು ಮೇಜಿನ ಪಕ್ಕದಲ್ಲೇ ನಿಂತುಬಿಟ್ಟಿದ್ದ ಉಸ್ತಾದರ ದೊಡ್ಡ ಸೊಸೆ ಶ್ರೀರಂಗಪಟ್ಟಣದಲ್ಲೇ ಇದ್ದಾರೆ. ಬೆರಳನ್ನು ಕಾಣದಿದ್ದರೂ ಎದುರಿಗೆ ಕೂತು ಎಲ್ಲವನ್ನೂ ಕಂಡವನು ಚಿನಕುರಳಿಯ ಡ್ರೈವರು. ಅವನೂ ಇದ್ದಾನೆ.