ಡೈರಿಯ ಎರಡನೆಯ ಕಾಲಮ್

ನನಗೆ ಎಣಿಸುವ ಚಟ. ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ, ದಿಂಡಿಗಲ್ಲಿನ ಬಸ್ಸು ಎಷ್ಟು ನಿಮಿಷ ತಡ, ಅಮ್ಮ ಒಂದೇ ಕತೆಯನ್ನು ವಾರಕ್ಕೆ ಎಷ್ಟು ಸಲ ಹೇಳಿದಳು, ಎಲ್ಲವೂ ತಾರೀಖಿನ ಸಮೇತ ಡೈರಿಯಲ್ಲಿರುತ್ತವೆ. ಇಂಥವನು ಒಂದು ದಿನ ತನ್ನ ಬಾಯಿಂದ ಬರುವ ಮಾತನ್ನೇ ಎಣಿಸಲು ಕೂತರೆ ಏನಾಗಬೇಕೋ ಅದೇ ಆಯಿತು.

ತಮಿಳುನಾಡಿನ ಈ ಹನುಮಂತನಪಟ್ಟಿಯಲ್ಲಿ ನಮ್ಮ ತಾತ ಕ್ರೈಸ್ತ ಸಭೆ ಸೇರಿದಾಗ ದೇವರು ಬದಲಾದರೂ ಮನೆಮಾತು ಬದಲಾಗಲಿಲ್ಲ. ಹಾಗಾಗಿ ನಾವು ಚರ್ಚಿನಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಎರಡರಲ್ಲೂ ಅತಿ ಸುಲಭವಾಗಿ ಬಾಯಿಗೆ ಬರುವ ವಾಕ್ಯ ಒಂದೇ: ‘ನಿಮಗಾಗಿ ಪ್ರಾರ್ಥಿಸುತ್ತೇನೆ.’ ಹೊರಟು ನಿಂತವರಿಗೆ ‘ಊಟ ಮಾಡಿಕೊಂಡು ಹೋಗಬಹುದಿತ್ತು’ ಅನ್ನುತ್ತೇವಲ್ಲ, ಅದೇ ಜಾತಿಯ ಮಾತು. ಡೈರಿಯಲ್ಲಿ ಎರಡು ಕಾಲಮ್ ಎಳೆದೆ. ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು. ತಿಂಗಳ ಕೊನೆಗೆ ಹೇಳಿದ್ದು ಮೂವತ್ನಾಲ್ಕು, ಮಾಡಿದ್ದು ಐದೂವರೆ. ಆ ಅರ್ಧ, ಬಸ್ಸಿನಲ್ಲಿ ಶುರು ಮಾಡಿ ನಿದ್ದೆ ಹೋದದ್ದು.

‘ಭಯಭಕ್ತಿ’ ಎಂಬ ಪದವನ್ನು ನೋಡಿ. ತಮಿಳಿನಲ್ಲೂ ಕನ್ನಡದಲ್ಲೂ ಅದು ಜೋಡಿಯಾಗಿಯೇ ಓಡಾಡುತ್ತದೆ, ಅದರಲ್ಲೂ ಭಯವೇ ಮುಂದೆ. ಹಿರಿಯರು ಸುಮ್ಮನೆ ಹಾಗೆ ಜೋಡಿಸಿರಲಾರರು. ನನ್ನ ವಿಷಯದಲ್ಲಿ ಮಾತ್ರ ಭಯ ಅರ್ಧ ದಾರಿಯ ವತ್ತಲಗುಂಡುವಿನಲ್ಲೇ ಬಸ್ಸಿಳಿದು ಹೋಗಿತ್ತು. ಭಕ್ತಿಯೊಂದೇ ಕೊನೆಯ ಸ್ಟಾಪಾದ ಕಂಬಂವರೆಗೆ ಟಿಕೆಟ್ ತೆಗೆದುಕೊಂಡು ಕಿಟಕಿ ಪಕ್ಕ ಕೂತಿತ್ತು.

ಹೀಗಿರುವಾಗಲೇ ನಮ್ಮ ಪಾಸ್ಟರ್, ಯುವಕರ ಪ್ರಾರ್ಥನಾ ಗುಂಪಿಗೆ ನನ್ನನ್ನು ಮುಖಂಡನನ್ನಾಗಿ ನೇಮಿಸುವುದಾಗಿ ಹೇಳಿದರು. ನಾನು ಬೇಡವೆನ್ನಲಿಲ್ಲ. ಆ ಭಾನುವಾರಕ್ಕೆಂದು ಅಂಗಿಗೆ ಇಸ್ತ್ರಿಯನ್ನೂ ಹಾಕಿಸಿದೆ.

ಭಾನುವಾರ ಆರಾಧನೆಯ ನಡುವೆ ಬಾಗಿಲಲ್ಲಿ ರಂಗಮ್ಮತ್ತೆ ಕಾಣಿಸಿದರು, ಕೈಯಲ್ಲಿ ಒಂದು ಬುಟ್ಟಿ ದ್ರಾಕ್ಷಿ. ಇವರ ತೋಟ ನಮ್ಮ ತೋಟದ ಪಕ್ಕ. ಮನೆಯಲ್ಲಿ ನಮ್ಮ ಹಾಗೇ ಕನ್ನಡ, ದೇವರು ಮಾತ್ರ ಪೆರುಮಾಳು. ಅವರ ಗಂಡ, ಅಂದರೆ ಮಾವನಿಗೆ ದಿಂಡಿಗಲ್ಲಿನಲ್ಲಿ ಕಣ್ಣಿನ ಪೊರೆ ತೆಗೆಸುವುದಿತ್ತು. ಜೆಬ ಮಾಡು ತಂಬಿ ಎಂದು ಪಂಪ್‌ಸೆಟ್ಟಿನ ಹತ್ತಿರ ನಾಲ್ಕು ಸಲ ಕೇಳಿದ್ದರು. ಇಲ್ಲಿ ಪ್ರಾರ್ಥನೆಗೆ ಎಲ್ಲರೂ ಹೇಳುವುದು ಜೆಬ ಅಂತಲೇ. ನಾನು ನಾಲ್ಕು ಸಲವೂ ಆಗಲಿ ಅತ್ತೆ ಎಂದಿದ್ದೆ. ಮೊದಲ ಕಾಲಮಿನಲ್ಲಿ ನಾಲ್ಕು ಗೆರೆ, ಎರಡನೆಯದರಲ್ಲಿ ಸೊನ್ನೆ.

ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ಅವರು ಎದ್ದು ನಿಂತು ತಮಿಳಿನಲ್ಲಿ, ನಮ್ಮವರ ಕಣ್ಣು ಚೆನ್ನಾಗಾಯಿತು, ಈ ಹುಡುಗ ದಿನಾ ಬೇಡಿಕೊಂಡ ಎಂದರು. ಸಭೆಯೆಲ್ಲ ನನ್ನ ಕಡೆ ತಿರುಗಿತು. ಪಾಸ್ಟರ್ ಮುಖದಲ್ಲಿ, ನೇಮಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂಬ ಸಂತೋಷ.

ನನ್ನ ಮೊಣಕಾಲು ನಡುಗಿತು. ನನ್ನ ನಾಚಿಕೆ ಇರುವುದು ಆ ನಡುಕದಲ್ಲಿಯೇ. ಆ ಸೊನ್ನೆ ದೇವರಿಗೆ ಮೊದಲ ದಿನದಿಂದ ಗೊತ್ತಿತ್ತು, ಆಗ ಮೊಣಕಾಲಿಗೆ ಏನೂ ಆಗಿರಲಿಲ್ಲ. ಈಗ ಅರವತ್ತು ಜನಕ್ಕೆ ಗೊತ್ತಾದೀತು ಎಂದಾಗ ನಡುಗಿತು. ಹಾಗಾದರೆ ನಾನು ಇಷ್ಟು ದಿನ ಅಂಜುತ್ತಿದ್ದದ್ದು ಯಾರಿಗೆ? ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು, ವಿನಯವೆಂದುಕೊಂಡು ಮುಖಂಡನನ್ನಾಗಿ ಮಾಡುತ್ತಿದ್ದರು. ಆದರೆ ಹಾಗೆ ಶುರುವಾದ ಮುಖಂಡತನವನ್ನು ಯಾವ ಕಾಲಮಿನಲ್ಲಿ ಬರೆಯಲಿ?

ಎದ್ದು ನಿಂತು, ಮಾವನ ಕಣ್ಣಿಗಾಗಿ ನಾನು ಒಂದು ದಿನವೂ ಪ್ರಾರ್ಥಿಸಲಿಲ್ಲ, ಮಾಡುತ್ತೇನೆಂದು ಹೇಳಿದ್ದು ಮಾತ್ರ ನಿಜ ಎಂದೆ.

ರಂಗಮ್ಮತ್ತೆ ತಮಿಳು ಬಿಟ್ಟು ನಮ್ಮ ಮಾತಿಗೆ ಇಳಿದರು. ಅಲ್ಲಿ ಅದು ಅರ್ಥವಾದದ್ದು ನನಗೂ ನನ್ನಮ್ಮನಿಗೂ ಮಾತ್ರ.

“ನಿನ್ನೊಬ್ಬನ್ನೇ ನಂಬ್ಕಂಡು ಮಾವನ ಕಣ್ಣಿಗೆ ಕತ್ತಿ ಹಾಕಾಕೆ ಬುಡ್ತೀನಾ ತಂಬಿ? ಇನ್ನೂ ಮೂರು ಕಡೆ ಹೇಳಿದ್ದೆ.”

ಅಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅತ್ತೆ ನಗಲಿಲ್ಲ.

“ಆದ್ರೂ ನಿನ್ನ ಕಂಡಾಗೆಲ್ಲಾ, ಒಬ್ಬ ಕೇಳ್ತಾವ್ನೆ ಅಂತ ಧೈರ್ಯವಾಗಿದ್ದೆ. ಆ ಧೈರ್ಯ ಸುಳ್ಳಾಗೋಯ್ತಲ್ಲ.”

ದ್ರಾಕ್ಷಿಯನ್ನು ಮಾತ್ರ ವಾಪಸ್ ಒಯ್ಯಲಿಲ್ಲ. ಅದು ದೇವರಿಗೆ ತಂದದ್ದಂತೆ.

ಆರಾಧನೆ ಮುಗಿದ ಮೇಲೆ ಪಾಸ್ಟರಿಗೆ ಎರಡು ಕಾಲಮಿನ ಲೆಕ್ಕ ಹೇಳಿದೆ, ಅವರು ಡೈರಿ ಕೇಳಿದರು. ಎರಡೂ ಕಾಲಮ್ ನೋಡಿ, ನಿನಗಿಂತ ಈ ಪುಸ್ತಕ ಪ್ರಾಮಾಣಿಕವಾಗಿದೆ, ಇದನ್ನೇ ಮುಖಂಡನನ್ನಾಗಿ ಮಾಡಬಹುದಿತ್ತು ಎಂದರು. ನೇಮಕವನ್ನು ಮುಂದಕ್ಕೆ ಹಾಕಿದರು. ಎಷ್ಟು ಮುಂದಕ್ಕೆ ಎಂದು ನಾನು ಕೇಳಲಿಲ್ಲ. ಎಣಿಸುವ ಚಟದವನಿಗೆ ಇದು ಸಣ್ಣ ಶಿಕ್ಷೆಯಲ್ಲ.

ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರಾದರೂ ಕೇಳಿದರೆ ‘ಮಾಡುತ್ತೇನೆ’ ಎಂದು ಹೇಳುವುದಿಲ್ಲ. ನಿಂತಲ್ಲೇ ಕಣ್ಣು ಮುಚ್ಚಿ ಮಾಡಿಬಿಡುತ್ತೇನೆ. ತರಕಾರಿ ಅಂಗಡಿಯ ಮುಂದೆ ನಿಂತು ಮಾಡಿದ್ದೇನೆ, ಹಿಂದಿನಿಂದ ಹಾರ್ನ್ ಹೊಡೆಸಿಕೊಂಡೂ ಮಾಡಿದ್ದೇನೆ. ನೋಡಿದವರು ನಕ್ಕರೆ ನಗಲಿ. ಅವರಿಗೆ ಅಂಜುವುದನ್ನು ಬಿಡಬೇಕೆಂದೇ ಈ ಅಭ್ಯಾಸ.

ನಿನ್ನೆ ಬಸ್ ಸ್ಟಾಪಿನಲ್ಲಿ ರಂಗಮ್ಮತ್ತೆ ಸಿಕ್ಕರು. ಮಾವನ ಇನ್ನೊಂದು ಕಣ್ಣಿಗೂ ಆಪರೇಶನ್ ಅಂತೆ. ಹೇಳಿ, ನನ್ನ ಮುಖವನ್ನೇ ನೋಡುತ್ತಾ ನಿಂತರು. ಈ ಸಲ ಜೆಬ ಮಾಡು ಎನ್ನಲಿಲ್ಲ. ನಾನು ಕಣ್ಣು ಮುಚ್ಚಿದೆ. ತೆರೆದಾಗ ತೇನಿಯ ಬಸ್ಸಿನ ಬೆನ್ನು ಕಾಣುತ್ತಿತ್ತು.

“ಬಸ್ಸು ಹೋಯ್ತಲ್ಲ ತಂಬಿ,” ಎಂದರು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ.

ಈಗ ಡೈರಿಯಲ್ಲಿ ಮೂರನೆಯ ಕಾಲಮೊಂದಿದೆ, ತಪ್ಪಿಹೋದ ಬಸ್ಸುಗಳದು. ಅದು ದಿನೇ ದಿನೇ ಬೆಳೆಯುತ್ತಿದೆ. ಮೊದಲನೆಯದರಲ್ಲಿ ಈಗ ನಾನು ಹೇಳಿದ್ದರ ಬದಲು ಬೇರೆಯವರು ಕೇಳಿದ್ದನ್ನು ಬರೆಯುತ್ತೇನೆ. ಮೊದಲೆರಡು ಸರಿಸಮ ನಡೆಯುತ್ತಿವೆ.