ಕನ್ನಡಿಗೆಂದು ಬರೆದ ಚಿತ್ರಗಳು

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮಾಡುವುದಿಲ್ಲ, ಕಾರ್ಖಾನೆಯವನು ಬರೆದ ಚಿತ್ರ ನೋಡಲು ಯಾರೂ ಬರುವುದಿಲ್ಲ. ಎರಡನ್ನೂ ಹೇಳಿದವರು ನಮ್ಮ ದೊಡ್ಡಪ್ಪ. ಮೊದಲನೆಯದನ್ನು ನಾನು ಸುಳ್ಳು ಮಾಡಿದೆ. ಎರಡನೆಯದನ್ನು ಸುಳ್ಳು ಮಾಡಿದವರು ಅಕ್ಕನ ಗಂಡ, ನನ್ನ ಭಾವ. ನನ್ನ ಹೊಟ್ಟೆಕಿಚ್ಚು ಅದಕ್ಕೇ. ಚಿತ್ರ ನಾನೂ ಬರೆಯುತ್ತಿದ್ದೆ.

ಭಾವನ ಮೀಸೆಯ ತುದಿಗೆ ಸದಾ ಕೆಂಪು ಬಣ್ಣ ಅಂಟಿರುತ್ತಿತ್ತು. ಕುಂಚ ಹಿಡಿದ ಕೈಯಲ್ಲೇ ಮೀಸೆ ತಿರುವುವ ಚಾಳಿ. ಭದ್ರಾವತಿಯ ಕಾರ್ಖಾನೆಯಲ್ಲಿ ವ್ಯಾಗನ್ನುಗಳಿಗೆ ನಂಬರು ಬರೆಯುವ ಕೆಲಸ. ಜನ್ನಾಪುರದ ಮನೆಗೆ ಬಂದರೆ ಬರೆಯುವುದು ಸಕ್ರೆಬೈಲು ಬಿಡಾರದ ಆನೆ, ನ್ಯೂ ಟೌನಿನ ಬೀದಿ. ಆನೆಯ ಕಾಲು ದೀಪದ ಕಂಬದ ಹಾಗಿರುತ್ತಿತ್ತು. ಗೆರೆ ನನ್ನದೇ ಚೆನ್ನಾಗಿತ್ತು, ಈಗಲೂ ಹೇಳುತ್ತೇನೆ.

ಅವರು ಚಿತ್ರ ತೂಗುಹಾಕುತ್ತಿದ್ದದ್ದು ಸೆಲೂನಿನಲ್ಲಿ, ಕನ್ನಡಿಯ ಎದುರಿನ ಗೋಡೆಗೆ. ಕುರ್ಚಿಯಲ್ಲಿ ಕೂತವನಿಗೆ ಕನ್ನಡಿಯೊಳಗೆ ಸರಿಯಾಗಿ ಕಾಣಲೆಂದು ಎಡಬಲ ತಿರುಗಿಸಿಯೇ ಬರೆಯುತ್ತಿದ್ದರು.

"ಬೇರೆ ಕಡೆ ಆದ್ರೆ ಎದ್ದು ಹೋಗ್ತಾರೆ ಮಾರಾಯ. ಗಂಟಲ ಹತ್ರ ಕತ್ತಿ ಇದ್ದಾಗ ಎಲ್ಲಿಗೆ ಹೋಗ್ತಾನೆ? ನೋಡ್ಲೇಬೇಕು!"

ಬಿ.ಎ. ಮುಗಿಸಿದ ವರ್ಷ ಗೆಳೆಯರೊಡನೆ ಶಿವಮೊಗ್ಗದಲ್ಲಿ ಚಿತ್ರಪ್ರದರ್ಶನ ಏರ್ಪಡಿಸಿದೆ. ಬಂದವರು ಹೆಚ್ಚು ಮೆಚ್ಚಿದ ಚಿತ್ರಕ್ಕೆ ಸರ್ಟಿಫಿಕೇಟು ಎಂದು ನಿಯಮ ಮಾಡಿದವನೂ ನಾನೇ, ನನಗೇ ಬರುತ್ತದೆಂಬ ಧೈರ್ಯದಿಂದ. ಅಕ್ಕನ ಮುಲಾಜಿಗೆ ಭಾವನ ಚಿತ್ರಗಳಿಗೆ ಬಾಗಿಲ ಹಿಂದೆ ಜಾಗ ಕೊಟ್ಟೆ.

ಮಧ್ಯಾಹ್ನದವರೆಗೆ ನರಪಿಳ್ಳೆಯಿಲ್ಲ. ಆಮೇಲೆ ಭದ್ರಾವತಿಯ ಬಸ್ಸಿಳಿದು ಕಾರ್ಖಾನೆಯ ಖಾಕಿ ಅಂಗಿಯವರು ಬಂದರು. ನನ್ನ ಚಿತ್ರಗಳನ್ನು ದಾಟಿ ನೇರ ಬಾಗಿಲ ಹಿಂದೆ ಹೋದರು.

"ಏ, ನಮ್ ಬೀದಿ ಉಲ್ಟಾ ಆಗಿದೆಯಲ್ರೋ! ಚಿಮಣಿ ಆ ಕಡೆ ಹೋಗ್ಬಿಟ್ಟಿದೆ!"

ಭಾವ ಬೆಪ್ಪಾಗಿ ನಿಂತರು. ಇಲ್ಲಿ ಕನ್ನಡಿ ಇರುವುದಿಲ್ಲ ಎಂಬುದೇ ಅವರಿಗೆ ಹೊಳೆದಿರಲಿಲ್ಲ. ನನಗೆ ಒಳಗೊಳಗೇ ಹಬ್ಬ. ಅಷ್ಟರಲ್ಲಿ ಸೆಲೂನಿನವರು ಅಂಗಡಿಗೆ ಬೀಗ ಹಾಕಿ, ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದೇಬಿಟ್ಟರು.

"ಸರ್ಕೊಳ್ರಪ್ಪ! ಇದಿಲ್ದೆ ಅದು ಹೆಂಗ್ ಕಾಣುತ್ತೆ ಅಂತ ನಂಗೊತ್ತಿಲ್ವಾ?"

ಕನ್ನಡಿ ಎತ್ತಿ ಹಿಡಿದರು. ಬೀದಿ ಸರಿಹೋಯಿತು. ನಗು, ಕೇಕೆ, ನೂಕುನುಗ್ಗಲು. ಸದ್ದು ಕೇಳಿ ಪೇಟೆಯವರೂ ಒಳಗೆ ಬಂದರು. ಅಷ್ಟೂ ಜನ ನಿಂತದ್ದು ನನ್ನ ಚಿತ್ರಗಳಿಗೆ ಬೆನ್ನು ಹಾಕಿ.

ಭಾವ ತೀರಿಹೋಗಿ ಬಹಳ ಕಾಲವಾಯಿತು. ಇವತ್ತು ನನ್ನ ಚಿತ್ರವನ್ನು ನಾಲ್ಕು ಜನ ನೋಡುತ್ತಿದ್ದರೆ, ಅವರ ಹಾಗೆ ನಾನೂ ಜನ ಕೂರುವಲ್ಲಿಗೇ ಅದನ್ನು ಒಯ್ಯಲು ಕಲಿತದ್ದರಿಂದ. ಆದರೂ ಆ ಸಂಜೆ ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಂದು ಸರ್ಟಿಫಿಕೇಟು ಯಾರಿಗೆ ಎಂದು ಕೇಳುವ ಹಾಗೇ ಇರಲಿಲ್ಲ. "ಬಿ.ಎ. ಆದವನು ನೀನು, ನೀನೇ ಕೊಡು" ಎಂದು ಗೆಳೆಯರು ನನ್ನನ್ನು ಮುಂದೆ ತಳ್ಳಿದರು. ಭಾವ ಎರಡೂ ಕೈ ಚಾಚಿದರು. ಕೊಟ್ಟೆ, ಆದರೆ ನನ್ನ ಬೆರಳು ಹಾಳೆಯ ಅಂಚನ್ನು ಬಿಡಲೊಲ್ಲದು. ಅವರು ಮೆಲ್ಲಗೆ ಎಳೆದರು, ನಾನು ಹಿಡಿದೇ ಇದ್ದೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದಳು:

"ಬಿಡೋ ಅದನ್ನ! ನಿನ್ ಹತ್ರ ಆಗ್ಲೇ ಒಂದಿದೆಯಲ್ಲ."